ಅಜ್ಜನ ಕೋವಿ ಮತ್ತು ಅಮೆರಿಕದ ಎರಡನೇ ತಿದ್ದುಪಡಿ

ಈ ವರ್ಷದ ಅಂತರ್‌ತರಗತಿ ಚರ್ಚಾ ಸ್ಪರ್ಧೆಯ ಕೊನೆಯ ಸುತ್ತಿಗೆ ಕೊಟ್ಟ ವಿಷಯ ನಿಮಗೆ ನೆನಪಿರಬಹುದು. ಬಂದೂಕು ನಿಯಂತ್ರಣ ಕಾನೂನುಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ, ಅವು ಶಸ್ತ್ರ ಹೊಂದುವ ಹಕ್ಕನ್ನು ಗೌರವಿಸುತ್ತವೆಯೇ ಎಂಬುದು ಪ್ರಶ್ನೆ. ಚೀಟಿ ಎತ್ತಿದಾಗ ನನಗೆ ಬಂದದ್ದು ಹಕ್ಕಿನ ಪಕ್ಷ. ನನ್ನ ಮನಸ್ಸು ಇದ್ದದ್ದು ಎದುರು ಪಕ್ಷದಲ್ಲಿ. ಚೀಟಿ ಬದಲಾಯಿಸಿಕೊಡಿ ಎಂದು ರಾಜ್ಯಶಾಸ್ತ್ರದ ಮೇಡಂ ಬಳಿ ಹೋದೆ. 'ಒಪ್ಪದ ಮಾತನ್ನು ಹತ್ತು ನಿಮಿಷ ಪ್ರಾಮಾಣಿಕವಾಗಿ ಹೇಳಲು ಕಲಿ' ಎಂದು ವಾಪಸ್ ಕಳಿಸಿದರು. ಆ ಹತ್ತು ನಿಮಿಷಕ್ಕಾಗಿ ನಾನು ಮೂರು ವಾರ ಓದಿದೆ. ವೇದಿಕೆಯಲ್ಲಿ ಹೇಳಲು ಸಮಯ ಸಾಲದ ವಿಷಯಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಇನ್ನೊಂದು ಕಾರಣವೂ ಇದೆ. ನಮ್ಮ ಮನೆಯಲ್ಲಿ ಒಂದು ಕೋವಿ ಇದೆ. ಅಡಿಕೆ ತೋಟವಿರುವ ಮನೆಗಳಲ್ಲಿ ಇದೇನೂ ವಿಶೇಷವಲ್ಲ. ಮಂಗ, ಹಂದಿಗಳ ಕಾಟಕ್ಕೆ ಬೆಳೆ ರಕ್ಷಣೆಗೆಂದು ಅಜ್ಜನ ಹೆಸರಿಗೆ ಪರವಾನಗಿ ಇರುವ ಒಂಟಿ ನಳಿಗೆಯ ತೋಟೆ ಕೋವಿ. ಅದರ ಕಥೆಯನ್ನು ಕೊನೆಗೆ ಹೇಳುತ್ತೇನೆ.

ಈ ಚರ್ಚೆ ಹುಟ್ಟಿದ ಮನೆ ಅಮೆರಿಕ. ಅಲ್ಲಿಯ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೇ ತಿದ್ದುಪಡಿ ಒಂದೇ ಒಂದು ವಾಕ್ಯ. ವಾಕ್ಯದ ಮೊದಲ ಭಾಗ ಸ್ವತಂತ್ರ ರಾಜ್ಯದ ಭದ್ರತೆಗೆ ಶಿಸ್ತಿನ ನಾಗರಿಕ ಪಡೆ ಬೇಕು ಎನ್ನುತ್ತದೆ. ಎರಡನೇ ಭಾಗ ಜನರು ಶಸ್ತ್ರ ಇಟ್ಟುಕೊಳ್ಳುವ, ಧರಿಸುವ ಹಕ್ಕಿಗೆ ಭಂಗ ಬರಬಾರದು ಎನ್ನುತ್ತದೆ. ಹಾಗಾದರೆ ಹಕ್ಕು ಪಡೆಯದೋ ವ್ಯಕ್ತಿಯದೋ? ವ್ಯಾಕರಣದ ಪ್ರಶ್ನೆಯಂತೆ ಕಾಣುವ ಈ ಜಗಳ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಎಳೆಯಿತು. 2008ರಲ್ಲಿ ಹೆಲ್ಲರ್ ಪ್ರಕರಣದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಇದು ವ್ಯಕ್ತಿಯ ಹಕ್ಕು ಎಂದಿತು. ಆತ್ಮರಕ್ಷಣೆಗೆ ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದನ್ನು ರಾಜಧಾನಿ ವಾಷಿಂಗ್ಟನ್ ನಿಷೇಧಿಸುವಂತಿಲ್ಲ ಎಂದು ತೀರ್ಪು ಬಂತು. 2010ರಲ್ಲಿ ಮೆಕ್‌ಡೊನಾಲ್ಡ್ ಪ್ರಕರಣ ಅದನ್ನೇ ರಾಜ್ಯ, ನಗರಗಳಿಗೂ ವಿಸ್ತರಿಸಿತು.

ನನ್ನ ಎದುರಾಳಿಗಳು ಗಮನಿಸದೆ ಬಿಟ್ಟ ಸಂಗತಿ ಹೆಲ್ಲರ್ ತೀರ್ಪಿನೊಳಗೇ ಇತ್ತು. ಆ ತೀರ್ಪು ಬರೆದ ನ್ಯಾಯಮೂರ್ತಿ ಆಂಟನಿನ್ ಸ್ಕಾಲಿಯಾ ಸಂಪ್ರದಾಯವಾದಿ. ಅವರೇ ಈ ಹಕ್ಕು ಅಪರಿಮಿತವಲ್ಲ ಎಂದು ಸ್ಪಷ್ಟವಾಗಿ ಬರೆದರು. ಗಂಭೀರ ಅಪರಾಧಿಗಳಿಗೆ ಬಂದೂಕು ನಿರಾಕರಿಸುವುದು, ಶಾಲೆ ಹಾಗೂ ಸರ್ಕಾರಿ ಕಟ್ಟಡಗಳಲ್ಲಿ ನಿಷೇಧಿಸುವುದು, ಮಾರಾಟಕ್ಕೆ ಷರತ್ತು ಹಾಕುವುದು ಇವೆಲ್ಲ ಉಳಿಯುತ್ತವೆ ಎಂದರು. ಹಾಗಾಗಿ 'ಹಕ್ಕು ಇದೆ, ಆದ್ದರಿಂದ ಕಾನೂನು ಬೇಡ' ಎಂಬ ವಾದವನ್ನು ಆ ಹಕ್ಕನ್ನು ಎತ್ತಿಹಿಡಿದ ಕೋರ್ಟೇ ಒಪ್ಪಿಲ್ಲ.

ಹಾಗಿದ್ದರೆ ಹಕ್ಕಿನ ಪಕ್ಷಕ್ಕೆ ಹೇಳಲು ಏನು ಉಳಿಯಿತು? ಬಹಳ ಉಳಿಯಿತು, ಮತ್ತು ಅದು ನನ್ನನ್ನು ಅಲುಗಾಡಿಸಿತು.

1956ರಲ್ಲಿ ಅಲಬಾಮಾದ ಮಾಂಟ್ಗೊಮೆರಿಯಲ್ಲಿ ಬಸ್ ಬಹಿಷ್ಕಾರ ನಡೆಯುತ್ತಿದ್ದಾಗ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ ಬಾಂಬ್ ಎಸೆದರು. ಒಳಗೆ ಹೆಂಡತಿ, ಎಳೆಯ ಮಗು ಇದ್ದರು. ಅದಾದ ಮೇಲೆ ಕಿಂಗ್ ಬಂದೂಕು ಒಯ್ಯಲು ಪರವಾನಗಿಗೆ ಅರ್ಜಿ ಹಾಕಿದರು. ಸ್ಥಳೀಯ ಅಧಿಕಾರಿಗಳು ನಿರಾಕರಿಸಿದರು. ಮನೆಗೆ ಬಾಂಬ್ ಬಿದ್ದವನಿಗೇ ಅಗತ್ಯವಿಲ್ಲ ಎಂದಾದರೆ ಯಾರಿಗಿದೆ? ಅಹಿಂಸೆಯ ನಾಯಕ ಬಂದೂಕು ಕೇಳಿದರೇ ಎಂದು ನಿಮಗೆ ಅಚ್ಚರಿಯಾಗಬಹುದು, ನನಗೂ ಆಯಿತು. ಮುಂದೆ ಅವರು ಆ ಯೋಚನೆಯನ್ನೇ ಬಿಟ್ಟರು, ಅದು ಬೇರೆ ಮಾತು. 1967ರಲ್ಲಿ ಕರಿಯರ ಸಂಘಟನೆ ಬ್ಲ್ಯಾಕ್ ಪ್ಯಾಂಥರ್ಸ್ ಸದಸ್ಯರು ಬಂದೂಕು ಹಿಡಿದು ತಮ್ಮ ಬೀದಿಗಳಲ್ಲಿ ಪೊಲೀಸರ ಮೇಲೆ ಕಣ್ಣಿಡಲು ಶುರುಮಾಡಿದಾಗ, ಕ್ಯಾಲಿಫೋರ್ನಿಯಾ ಸಾರ್ವಜನಿಕವಾಗಿ ತುಂಬಿದ ಬಂದೂಕು ಒಯ್ಯುವುದನ್ನು ನಿಷೇಧಿಸಿತು. ಸಹಿ ಹಾಕಿದ ರಾಜ್ಯಪಾಲರು ಮುಂದೆ ಅಧ್ಯಕ್ಷರಾದ ರೊನಾಲ್ಡ್ ರೇಗನ್.

ನಮ್ಮ ದೇಶದ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. 1857ರ ನಂತರ ಬ್ರಿಟಿಷರು ಜನರ ಕೈಯಿಂದ ಆಯುಧ ಕಸಿದರು. 1878ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಭಾರತೀಯನಿಗೆ ಪರವಾನಗಿ ಬೇಕು, ಯುರೋಪಿಯನ್ನನಿಗೆ ವಿನಾಯಿತಿ. 1930ರಲ್ಲಿ ಗಾಂಧೀಜಿ ವೈಸರಾಯ್ ಇರ್ವಿನ್ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ತೆರಿಗೆ ರದ್ದತಿಯ ಜೊತೆಗೆ ಆತ್ಮರಕ್ಷಣೆಗೆ ಬಂದೂಕು ಪರವಾನಗಿ ಕೊಡಬೇಕು ಎಂಬುದೂ ಇತ್ತು. ಮರುವರ್ಷ ಕರಾಚಿ ಕಾಂಗ್ರೆಸ್ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ ನಿಯಮಗಳಿಗೆ ಒಳಪಟ್ಟು ಶಸ್ತ್ರ ಹೊಂದುವ ಹಕ್ಕು ಸೇರಿತು. ಸಂವಿಧಾನ ಸಭೆಯಲ್ಲಿ ಅದನ್ನು ಮೂಲಭೂತ ಹಕ್ಕಾಗಿಸಬೇಕೆಂದು ತಿದ್ದುಪಡಿ ತಂದವರು ಎಚ್.ವಿ. ಕಾಮತ್. ಅವರು ಮಂಗಳೂರಿನಲ್ಲಿ ಹುಟ್ಟಿದವರು ಎಂದು ಓದಿದಾಗ ನನಗೆ ಸುಮ್ಮನೆ ಒಂದು ಖುಷಿ. ಡಾ. ಅಂಬೇಡ್ಕರ್ ಒಪ್ಪಲಿಲ್ಲ, ತಿದ್ದುಪಡಿ ಬಿದ್ದುಹೋಯಿತು. ಇಂದು ನಮ್ಮ 19ನೇ ವಿಧಿ ಕೊಡುವುದು ಶಾಂತಿಯಿಂದ, ಆಯುಧಗಳಿಲ್ಲದೆ ಸೇರುವ ಹಕ್ಕನ್ನು. ಬಂದೂಕು ನಮ್ಮಲ್ಲಿ ಹಕ್ಕಲ್ಲ, 1959ರ ಕಾಯ್ದೆಯಡಿ ಸರ್ಕಾರ ಕೊಡುವ ಅನುಮತಿ.

ಇಷ್ಟು ಓದಿದ ಮೇಲೆ ನನಗೆ ಅನಿಸಿದ್ದಿಷ್ಟು. ಹಕ್ಕಿನ ಪಕ್ಷದವರ ನಿಜವಾದ ಭಯ ಕಾನೂನಿನದ್ದಲ್ಲ, ಕಾನೂನನ್ನು ಕೈಯಲ್ಲಿ ಹಿಡಿದ ಅಧಿಕಾರಿಯ ಇಷ್ಟಾನಿಷ್ಟದ್ದು. ಅಲ್ಪಸಂಖ್ಯಾತರಿಗೆ ಈ ಭಯ ಅರ್ಥವಾಗದ ಸಂಗತಿಯಲ್ಲ. 2022ರಲ್ಲಿ ಅಮೆರಿಕದ ಕೋರ್ಟ್ ನ್ಯೂಯಾರ್ಕ್‌ನ ನೂರು ವರ್ಷ ಹಳೆಯ ಕಾನೂನನ್ನು ಹೊಡೆದುಹಾಕಿದ್ದೂ ಹೆಚ್ಚುಕಡಿಮೆ ಇದೇ ಜಾಗದಲ್ಲಿ. ಬಂದೂಕು ಹೊರಗೆ ಒಯ್ಯಲು 'ವಿಶೇಷ ಕಾರಣ' ತೋರಿಸಬೇಕಿತ್ತು, ಕಾರಣ ಸಾಕೋ ಸಾಲದೋ ಎಂದು ಅಧಿಕಾರಿ ತೀರ್ಮಾನಿಸುತ್ತಿದ್ದ. ಬ್ರುಯೆನ್ ಪ್ರಕರಣ ಎನ್ನುತ್ತಾರೆ ಇದನ್ನು. ಆದರೆ ಹಿನ್ನೆಲೆ ಪರಿಶೀಲನೆ, ತರಬೇತಿ ಇಂತಹ ಸ್ಪಷ್ಟ ಷರತ್ತು ಹಾಕಿ, ಅದನ್ನು ಪೂರೈಸಿದ ಎಲ್ಲರಿಗೂ ಪರವಾನಗಿ ಕೊಡುವ ರಾಜ್ಯಗಳ ಪದ್ಧತಿಯನ್ನು ಆ ತೀರ್ಪು ತಪ್ಪೆನ್ನಲಿಲ್ಲ.

ಇನ್ನು ಮೊದಲ ಪ್ರಶ್ನೆಗೆ ಬರೋಣ. ಕಾನೂನು ಕೆಲಸ ಮಾಡುತ್ತದೆಯೇ?

ಅಮೆರಿಕದಲ್ಲಿ ನಾಗರಿಕರ ಕೈಯಲ್ಲಿರುವ ಬಂದೂಕುಗಳು 2017ರ ಒಂದು ಅಂದಾಜಿನಂತೆ 39 ಕೋಟಿಗೂ ಹೆಚ್ಚು, ಅಂದರೆ ಜನಸಂಖ್ಯೆಗಿಂತ ಜಾಸ್ತಿ. 2023ರಲ್ಲಿ ಅಲ್ಲಿ ಗುಂಡಿನಿಂದ ಸತ್ತವರು 46,728 ಮಂದಿ. ನಾವು ಸುದ್ದಿಯಲ್ಲಿ ನೋಡುವುದು ಶಾಲೆ, ಮಾಲ್‌ಗಳ ಸಾಮೂಹಿಕ ಹತ್ಯೆಯನ್ನು. ಆ ಲೆಕ್ಕದಲ್ಲಿ ಅವು ಬಹಳ ಸಣ್ಣ ಪಾಲು. ಸುಮಾರು 18,000 ಕೊಲೆಗಳು, ಅದಕ್ಕಿಂತ ಹೆಚ್ಚು, 27,300ರಷ್ಟು, ಆತ್ಮಹತ್ಯೆಗಳು. ಈ ಅಂಕಿ ನನಗೆ ಗೊತ್ತೇ ಇರಲಿಲ್ಲ. ಗುಂಡಿನಿಂದಾದ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳೇ ಎಂದಾಯಿತು. ವೈದ್ಯರು ಹೇಳುವ ಮಾತು ಇನ್ನೂ ಮುಖ್ಯ. ಸಾಯಬೇಕೆನ್ನುವ ತೀವ್ರ ಗಳಿಗೆ ಸಾಮಾನ್ಯವಾಗಿ ಅಲ್ಪಕಾಲದ್ದು. ಆ ಗಳಿಗೆಯನ್ನು ದಾಟಿ ಬದುಕಿದವರಲ್ಲಿ ಹೆಚ್ಚಿನವರು ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಬಂದೂಕು ಮಾತ್ರ ಆ ಎರಡನೇ ಅವಕಾಶವನ್ನು ಬಹುತೇಕ ಕೊಡುವುದಿಲ್ಲ.

ಹಾಗಾಗಿ ಕೆಲಸ ಮಾಡುವ ಕಾನೂನುಗಳಿಗೆ ಒಂದು ಸಾಮಾನ್ಯ ಗುಣವಿದೆ. ಅವು ಬಂದೂಕಿಗೂ ಆ ಗಳಿಗೆಗೂ ನಡುವೆ ಸ್ವಲ್ಪ ಸಮಯವನ್ನೋ ಒಂದು ಬೀಗವನ್ನೋ ಇಡುತ್ತವೆ. ಮಕ್ಕಳ ಕೈಗೆ ಸಿಗದಂತೆ ಬಂದೂಕು ಭದ್ರವಾಗಿಡಬೇಕು ಎಂಬ ಕಾನೂನುಗಳು ಮಕ್ಕಳ, ಹದಿಹರೆಯದವರ ಸಾವನ್ನು ಕಡಿಮೆ ಮಾಡುತ್ತವೆ ಎಂಬುದಕ್ಕೆ ಸಾಕ್ಷ್ಯ ಗಟ್ಟಿಯಾಗಿದೆ. ಕನೆಕ್ಟಿಕಟ್ ರಾಜ್ಯ 1995ರಲ್ಲಿ ಪಿಸ್ತೂಲು ಕೊಳ್ಳುವ ಮೊದಲೇ ಪರವಾನಗಿ, ತರಬೇತಿ ಕಡ್ಡಾಯ ಮಾಡಿತು. ಬಂದೂಕಿನ ಕೊಲೆಗಳು ಸುಮಾರು 40 ಶೇಕಡಾ ಇಳಿದವು ಎಂದು ಮೊದಲ ಅಧ್ಯಯನ ಅಂದಾಜಿಸಿತು, ನಂತರದ ಲೆಕ್ಕ ಅದನ್ನು 28ರ ಹತ್ತಿರಕ್ಕೆ ತಂದಿತು. ಮಿಸ್ಸೌರಿ ಇದರ ಉಲ್ಟಾ. 2007ರಲ್ಲಿ ಅಂತಹ ಪರವಾನಗಿ ಪದ್ಧತಿಯನ್ನು ರದ್ದು ಮಾಡಿತು, ಕೊಲೆಗಳು ಏರಿದವು. 1994ರಿಂದ 2004ರವರೆಗೆ ದೇಶದಾದ್ಯಂತ ಇದ್ದ ದಾಳಿ ಬಂದೂಕು ನಿಷೇಧದ ಬಗ್ಗೆ ಮಾತ್ರ ತಜ್ಞರಲ್ಲಿ ಒಮ್ಮತವಿಲ್ಲ. ಆಸ್ಟ್ರೇಲಿಯಾ 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಜನ ಹತರಾದ ಮೇಲೆ ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಹಣ ಕೊಟ್ಟು ವಾಪಸ್ ಪಡೆಯಿತು, ಬಂದೂಕಿನ ಸಾವುಗಳು ಇಳಿದವು. ಇಳಿಕೆ ಮೊದಲೇ ಆರಂಭವಾಗಿತ್ತು ಎನ್ನುವವರೂ ಇದ್ದಾರೆ. ನಾನು ವೇದಿಕೆಯಲ್ಲಿ ಈ ಕೊನೆಯ ಮಾತನ್ನೇ ಹಿಡಿದು ಎಳೆದೆ, ಚಪ್ಪಾಳೆಯೂ ಬಂತು. ಮನಸ್ಸಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ.

ಏಕೆಂದರೆ ಕಾನೂನು ಸೋತ ಜಾಗಗಳನ್ನು ಹತ್ತಿರದಿಂದ ನೋಡಿದಾಗ ಬೇರೆಯೇ ಒಂದು ಸಂಗತಿ ಕಂಡಿತ್ತು. ಎರಡು ಉದಾಹರಣೆ ಕೊಡುತ್ತೇನೆ. ಎರಡೂ ದೇವರನ್ನು ಪ್ರಾರ್ಥಿಸುವ ಮನೆಗಳು.

2015ರ ಜೂನ್ 17ರಂದು ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಕರಿಯರ ಹಳೆಯ ಚರ್ಚೊಂದರಲ್ಲಿ ಬೈಬಲ್ ಓದುತ್ತಿದ್ದವರ ನಡುವೆ ಕುಳಿತಿದ್ದ ಬಿಳಿಯ ಯುವಕ ಒಂಬತ್ತು ಜನರನ್ನು ಕೊಂದ. ಅವನು ಬಂದೂಕು ತಂದದ್ದು ಅಂಗಡಿಯಿಂದ, ಕಾನೂನುಬದ್ಧವಾಗಿ. ಅಲ್ಲಿ 1993ರ ಬ್ರೇಡಿ ಕಾಯ್ದೆಯಂತೆ ಅಂಗಡಿಯವನು ಕೊಳ್ಳುವವನ ಹಿನ್ನೆಲೆಯನ್ನು ಎಫ್‌ಬಿಐ ಮೂಲಕ ಪರಿಶೀಲಿಸಬೇಕು. ಈ ಯುವಕನ ಮೇಲೆ ಮಾದಕ ವಸ್ತು ಪ್ರಕರಣವಿತ್ತು, ತಪ್ಪೊಪ್ಪಿಕೊಂಡಿದ್ದ, ಬಂದೂಕು ಸಿಗಬಾರದಿತ್ತು. ಆದರೆ ದಾಖಲೆಯಲ್ಲಿ ಯಾವ ಪೊಲೀಸ್ ಇಲಾಖೆ ಎಂಬ ಗೊಂದಲವಾಗಿ ಪರಿಶೀಲನೆ ಮುಗಿಯಲಿಲ್ಲ. ಮೂರು ಕೆಲಸದ ದಿನಗಳಲ್ಲಿ ಉತ್ತರ ಬರದಿದ್ದರೆ ಮಾರಬಹುದು ಎನ್ನುತ್ತದೆ ಅದೇ ಕಾಯ್ದೆ. ಮಾರಿದರು. ಎಫ್‌ಬಿಐ ಮುಖ್ಯಸ್ಥರು ನಂತರ ತಪ್ಪಾಯಿತೆಂದು ಬಹಿರಂಗವಾಗಿ ಒಪ್ಪಿಕೊಂಡರು.

ಇನ್ನೊಂದು 2019ರ ಮಾರ್ಚ್ 15, ಶುಕ್ರವಾರ. ನಾನಾಗ ಪ್ರಾಥಮಿಕ ಶಾಲೆಯಲ್ಲಿದ್ದೆ. ನಮ್ಮ ಕಡೆ ಇನ್ನೂ ಜುಮಾ ನಮಾಜಿಗೆ ಬಾಂಗ್ ಆಗಿರಲಿಲ್ಲ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಎಲ್ಲ ಮುಗಿದಿತ್ತು. ಅಲ್ ನೂರ್ ಮಸೀದಿ ಮತ್ತು ಲಿನ್‌ವುಡ್ ಇಸ್ಲಾಮಿಕ್ ಸೆಂಟರ್‌ನಲ್ಲಿ ಜುಮಾಕ್ಕೆ ಬಂದಿದ್ದ 51 ಜನರ ಪ್ರಾಣ ಹೋಯಿತು. ಅವರಲ್ಲಿ ಭಾರತೀಯರೂ ಇದ್ದರು. ಸಂಜೆ ದೊಡ್ಡಣ್ಣನ ಮೊಬೈಲಿಗೆ ಯಾರೋ ಆ ವಿಡಿಯೋ ಕಳಿಸಿದ್ದರು. ಅಪ್ಪ ಅದನ್ನು ಕಿತ್ತುಕೊಂಡು ಅಳಿಸಿದ್ದು, ಮುಂದಿನ ವಾರ ಮಸೀದಿಯಲ್ಲಿ ನಾನು ಬಾಗಿಲಿನ ಕಡೆಗೇ ನೋಡುತ್ತ ಕುಳಿತಿದ್ದು ನೆನಪಿದೆ. ಕೊಂದವನ ಹೆಸರನ್ನು ಉಚ್ಚರಿಸುವುದಿಲ್ಲ ಎಂದು ಆಗಿನ ಪ್ರಧಾನಿ ಜೆಸಿಂಡಾ ಆರ್ಡರ್ನ್ ಸಂಸತ್ತಿನಲ್ಲಿ ಹೇಳಿದರು. ನಾನೂ ಬರೆಯುವುದಿಲ್ಲ.

ಮುಂದಿನ ವೇಗ ನಿಮಗೆ ಗೊತ್ತಿರಬಹುದು. ಒಂದು ತಿಂಗಳೂ ಆಗುವ ಮೊದಲು, ಏಪ್ರಿಲ್ 10ರಂದು, ಅಲ್ಲಿಯ ಸಂಸತ್ತು 119-1 ಮತಗಳಿಂದ ಬಹುತೇಕ ಅರೆ-ಸ್ವಯಂಚಾಲಿತ ಬಂದೂಕುಗಳನ್ನು ನಿಷೇಧಿಸಿತು. ಕಸಿದುಕೊಳ್ಳಲಿಲ್ಲ, ಸ್ಥಿತಿ ನೋಡಿ ಬೆಲೆಯ 25ರಿಂದ 95 ಶೇಕಡಾವರೆಗೆ ಪರಿಹಾರ ಕೊಟ್ಟಿತು. ಡಿಸೆಂಬರ್ ಹೊತ್ತಿಗೆ 56,000ಕ್ಕೂ ಹೆಚ್ಚು ಬಂದೂಕುಗಳು ಬಂದವು. ಎಷ್ಟು ಉಳಿದವು ಎಂದು ಯಾರೂ ಹೇಳಲಾಗಲಿಲ್ಲ. ಅಲ್ಲಿ ಅದುವರೆಗೆ ಪರವಾನಗಿ ಇದ್ದದ್ದು ಮನುಷ್ಯನಿಗೆ, ಹೆಚ್ಚಿನ ಬಂದೂಕುಗಳಿಗೆ ಲೆಕ್ಕವೇ ಇರಲಿಲ್ಲ. ನೋಂದಣಿ ಪುಸ್ತಕ ತೆರೆದದ್ದು 2023ರಲ್ಲಿ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು 2020ರ ಡಿಸೆಂಬರಿನಲ್ಲಿ ಹೊರಬಂದ ರಾಯಲ್ ಕಮಿಷನ್ ವರದಿಯ ಒಂದು ಭಾಗ. ಕೊಲೆಗಾರ 2017ರಲ್ಲಿ ಪೊಲೀಸರಿಂದ ಪರವಾನಗಿ ಪಡೆದಿದ್ದ. ಅರ್ಜಿದಾರನನ್ನು ಚೆನ್ನಾಗಿ ಬಲ್ಲ ಇಬ್ಬರನ್ನು, ಅವರಲ್ಲಿ ಒಬ್ಬರು ಹತ್ತಿರದ ಸಂಬಂಧಿಯನ್ನು, ಮಾತನಾಡಿಸಿ ಇವನು ಯೋಗ್ಯನೇ ಎಂದು ತಿಳಿಯುವುದು ಅಲ್ಲಿಯ ಪದ್ಧತಿ. ಅವನ ಸಂಬಂಧಿಕರು ಆಸ್ಟ್ರೇಲಿಯಾದಲ್ಲಿದ್ದರು. ಅವರ ಬದಲು ಪೊಲೀಸರು ಒಪ್ಪಿಕೊಂಡದ್ದು ಮುಖ್ಯವಾಗಿ ಅಂತರ್ಜಾಲದ ಆಟದಲ್ಲಿ ಪರಿಚಯವಾದ ಗೆಳೆಯನನ್ನು ಮತ್ತು ಆ ಗೆಳೆಯನ ಹೆತ್ತವರಲ್ಲಿ ಒಬ್ಬರನ್ನು. ಕಾನೂನು ಇತ್ತು, ಪ್ರಶ್ನೆಗಳೂ ಇದ್ದವು. ಕೇಳಬೇಕಾದವರನ್ನು ಕೇಳಲಿಲ್ಲ.

ಕಿಂಗ್ ಅವರಿಗೆ ಪರವಾನಗಿ ಸಿಗಲಿಲ್ಲ, ಇವನಿಗೆ ಸಿಕ್ಕಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿಯಂತ್ರಣವೋ ಹಕ್ಕೋ ಎಂಬ ನಮ್ಮ ಚರ್ಚೆಯ ವಿಷಯವೇ ಸ್ವಲ್ಪ ತಪ್ಪು ಎಂದು ನನಗೆ ಅನಿಸಿದ್ದು ಆಗ. ಎಲ್ಲರಿಗೂ ಒಂದೇ ಪ್ರಶ್ನೆ, ಮತ್ತು ಆ ಪ್ರಶ್ನೆಯನ್ನು ನಿಜವಾಗಿ ಕೇಳುವುದು, ಇವೆರಡೂ ಇದ್ದರೆ ಹಕ್ಕಿಗೂ ಜೀವಕ್ಕೂ ಜಗಳ ಕಡಿಮೆ. 2024ರ ಜೂನ್‌ನಲ್ಲಿ ರಹೀಮಿ ಎಂಬ ಪ್ರಕರಣದಲ್ಲಿ ಅಮೆರಿಕದ ಕೋರ್ಟ್ ಇದೇ ದಾರಿಯಲ್ಲಿ ನಡೆದಂತೆ ಕಾಣುತ್ತದೆ. ಸಂಗಾತಿಗೆ ಅಪಾಯ ಎಂದು ನ್ಯಾಯಾಲಯವೇ ಆದೇಶ ಹೊರಡಿಸಿದ ವ್ಯಕ್ತಿಯಿಂದ ಬಂದೂಕು ದೂರವಿಡಬಹುದು ಎಂದು 8-1ರಿಂದ ಹೇಳಿತು. ಎರಡು ವರ್ಷ ಮೊದಲು ನ್ಯೂಯಾರ್ಕ್ ಕಾನೂನನ್ನು ಹೊಡೆದುಹಾಕಿದ ಅದೇ ಒಂಬತ್ತು ಸ್ಥಾನಗಳ ಕೋರ್ಟ್.

ನಮ್ಮಲ್ಲೂ ಎರಡೂ ಬಗೆಯ ಚಿತ್ರ ಇದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆಯಾಗುತ್ತದೆ. ಇದು ಸಮಾನತೆಗೆ ವಿರುದ್ಧ ಎಂದು ಹೂಡಿದ್ದ ದಾವೆಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿತು, ಸದ್ಯ ವಿನಾಯಿತಿ 2029ರವರೆಗೆ. ಇನ್ನೊಂದು ಕಡೆ ಬಿಹಾರದ ಮುಂಗೇರ್‌ನಂತಹ ಕಡೆ ಕಳ್ಳ ಬಂದೂಕು ತಯಾರಾಗುತ್ತದೆ. ದೇಶದಲ್ಲಿ ಗುಂಡಿಕ್ಕಿ ನಡೆಯುವ ಕೊಲೆಗಳಲ್ಲಿ ಬಹುಪಾಲು ಪರವಾನಗಿ ಇಲ್ಲದ ಆಯುಧದ್ದು. ಆ ಮುಂಗೇರ್ ಕೋವಿಗೆ ಅರ್ಜಿಯೂ ಇಲ್ಲ, ನವೀಕರಣವೂ ಇಲ್ಲ. ನನ್ನ ಅಜ್ಜ ಮಾತ್ರ ಪ್ರತಿ ಚುನಾವಣೆಗೂ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿಗೆ ಹತ್ತಿಸುವಂತಿಲ್ಲವೆಂದು ಜೀಪು ಹುಡುಕಿ, ಠಾಣೆಯಲ್ಲಿ ಠೇವಣಿ ಇಟ್ಟು ಬರಬೇಕು. ಆ ಎರಡು ತಿಂಗಳು ಮಂಗಗಳಿಗೆ ಹಬ್ಬ. ಅಜ್ಜ ಇದನ್ನು ಹೇಳಿ ಗೊಣಗುತ್ತಿದ್ದರು. ಸ್ಪರ್ಧೆಯಲ್ಲಿ ನಾನು ಅವರ ಗೊಣಗಾಟವನ್ನೇ ಮೊದಲ ವಾಕ್ಯ ಮಾಡಿಕೊಂಡಿದ್ದೆ.

ಹೇಳದೆ ಬಿಟ್ಟದ್ದು ಇದು. ನಾಲ್ಕು ವರ್ಷದ ಹಿಂದೆ ನಮ್ಮ ತೋಟಕ್ಕೆ ಹಳದಿ ಎಲೆ ರೋಗ ಬಂತು. ಸಾಲ ಮಾಡಿ ಹೊಸ ಗಿಡ ಹಾಕಿಸಿದ್ದ ಚಿಕ್ಕಪ್ಪ ಮಾತು ಬಿಟ್ಟರು. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ, ರಾತ್ರಿ ಜಗಲಿಯಲ್ಲಿ ಕುಳಿತಿರುತ್ತಿದ್ದರು. ಒಂದು ಬೆಳಿಗ್ಗೆ ಅಜ್ಜಿ ಅಜ್ಜನಿಗೆ ಕೋವಿಯನ್ನು ಠಾಣೆಗೆ ಕೊಟ್ಟು ಬನ್ನಿ ಎಂದರು. ಈಗ ಯಾವ ಚುನಾವಣೆ ಎಂದು ಅಜ್ಜ ಕೇಳಿದರು. ಅಜ್ಜಿ ಉತ್ತರ ಹೇಳದೆ ಚಿಕ್ಕಪ್ಪನ ಕೋಣೆಯ ಕಡೆ ನೋಡಿದರು. ಅಜ್ಜ ಅಂಗಿ ಹಾಕಿಕೊಂಡು ಹೊರಟರು. ಮಂಗಗಳು ಆ ವರ್ಷ ಎಳನೀರನ್ನೆಲ್ಲ ಮುಗಿಸಿದವು, ಯಾರೂ ಗೊಣಗಲಿಲ್ಲ. ಚಿಕ್ಕಪ್ಪನನ್ನು ಮಂಗಳೂರಿನ ವೈದ್ಯರಲ್ಲಿಗೆ ಕರೆದುಕೊಂಡು ಹೋದರು, ಗುಣವಾಗಲು ಏಳೆಂಟು ತಿಂಗಳು ಹಿಡಿಯಿತು. ಈಗ ಅವರು ತೋಟದ ನಡುವೆ ಕಾಳುಮೆಣಸು, ಜಾಯಿಕಾಯಿ ಹಾಕಿಸಿದ್ದಾರೆ. ಇದನ್ನು ಬರೆಯಲೇ ಎಂದು ಕೇಳಿದೆ. 'ಹೆಸರು ಹಾಕಬೇಡ, ಟೆಲಿ ಮಾನಸ್ ನಂಬರ್ ಹಾಕು' ಎಂದರು. ಮನಸ್ಸು ಭಾರವಾದವರು ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದಾದ ಸರ್ಕಾರಿ ಸಹಾಯವಾಣಿ ಅದು, 14416. ಕನ್ನಡದಲ್ಲೇ ಮಾತನಾಡಬಹುದು.

ಸ್ಪರ್ಧೆಯಲ್ಲಿ ನನಗೆ ಎರಡನೇ ಬಹುಮಾನ ಬಂತು. ಕೋವಿಯೂ ಮನೆಗೆ ವಾಪಸ್ ಬಂದಿದೆ, ಅಜ್ಜ ನವೀಕರಣದ ಅರ್ಜಿ ತುಂಬುತ್ತಿದ್ದಾರೆ. ಮೊದಲಿನಂತೆ ಜಗಲಿಯ ಗೋಡೆಗೆ ಅದನ್ನು ನೇತುಹಾಕುವುದಿಲ್ಲ. ಕೋವಿ ಒಂದು ಕಪಾಟಿನಲ್ಲಿ, ತೋಟೆಗಳು ಇನ್ನೊಂದರಲ್ಲಿ. ಎರಡರ ಬೀಗದ ಕೈಯೂ ಅಜ್ಜಿಯ ಎಲೆಯಡಿಕೆ ಡಬ್ಬಿಯಲ್ಲಿದೆ.